ದೂರದ ಅಂಚೆಪೆಟ್ಟಿಗೆಗೆ ಒಂದು ಬೀಗದ ಕೈ

ಕನ್ನಡ ಪಂಡಿತರಿಗೆ ಕಂಪ್ಯೂಟರಿನ ಗೊಡವೆ ಏತಕ್ಕೆ ಎಂದು ಕೆಲವರಾದರೂ ಕೇಳಿಯಾರು. ಸಂಧಿ, ಸಮಾಸ, ಛಂದಸ್ಸುಗಳ ಮೇರೆಯೊಳಗೆ ಇರಬೇಕಾದವರು ನಾವು, ನಿಜ. ಆದರೆ ಪತ್ರಲೇಖನವನ್ನು ಕಲಿಸುವವರೂ ನಾವೇ ಅಲ್ಲವೇ? ವಿಳಾಸ ಎಲ್ಲಿ ಬರೆಯಬೇಕು, ದಿನಾಂಕ ಎಲ್ಲಿ ಹಾಕಬೇಕು, ಒಕ್ಕಣೆ ಹೇಗಿರಬೇಕು ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುತ್ತೇವೆ. ಆ ಪತ್ರವು ಈಗ ಕಾಗದವನ್ನು ಬಿಟ್ಟು ತಂತಿಯ ದಾರಿ ಹಿಡಿದಿದೆ. ಅದು ಎಲ್ಲಿ ತಂಗುತ್ತದೆ, ಅದನ್ನು ಯಾರು ತೆಗೆಯುತ್ತಾರೆ, ತೆಗೆದ ಮೇಲೆ ಏನಾಗುತ್ತದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿತಿರುವುದು ಒಳಿತು. ಅದರಲ್ಲೂ ಹೈಸ್ಕೂಲಿನ ಐ.ಸಿ.ಟಿ. ಪಾಠಗಳಲ್ಲಿ ಪೈಥಾನ್ ಭಾಷೆಯ ಪರಿಚಯ ಮಾಡಿಕೊಂಡ ಮಕ್ಕಳು ತಾವೇ ಪ್ರೋಗ್ರಾಂ ಬರೆದು ಈ ಪತ್ರಗಳನ್ನು ತೆರೆಯಲು ಸಾಧ್ಯವಿದೆ. ಹೇಗೆಂಬುದನ್ನು ನೋಡೋಣ.

ಈಗ ಕಾಸರಗೋಡು ಜಿಲ್ಲೆ ಎನಿಸಿರುವ ನಮ್ಮ ನಾಡಿನ ಎಷ್ಟೋ ಮನೆಗಳಿಗೆ 1970–80ರ ದಶಕಗಳಲ್ಲಿ ದುಬಾಯಿ, ಶಾರ್ಜಾ, ಕುವೈತುಗಳಿಂದ ಕಾಗದ ಬರುತ್ತಿತ್ತು. ಅಂಚೆಯವನು ತಂದುಕೊಟ್ಟುದನ್ನು ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಸುತ್ತ ಕುಳಿತು ಕೇಳುವುದು. ಓದಿ ಮುಗಿದ ಮೇಲೆ ಅದು ಮನೆಯ ಪೆಟ್ಟಿಗೆ ಸೇರುತ್ತಿತ್ತು. ಅಂಚೆಕಚೇರಿಯಲ್ಲಿ ಅದು ಉಳಿಯುತ್ತಿರಲಿಲ್ಲ. ಕಾಗದ ಒಂದೇ ಆದುದರಿಂದ ಅದು ಇರುವ ಜಾಗವೂ ಒಂದೇ.

ಇ-ಮೇಲನ್ನು ಕನ್ನಡದಲ್ಲಿ ಮಿಂಚಂಚೆ ಎನ್ನುವುದುಂಟು. ಸೊಗಸಾದ ಮಾತು. ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಇಂಥ ಪತ್ರವನ್ನು 1971ರಲ್ಲಿ ಮೊದಲು ಕಳುಹಿಸಿದವರು ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬವರು. ವಿಳಾಸದ ನಡುವೆ ಕಾಣುವ ‘ಅಟ್’ ಚಿಹ್ನೆಯನ್ನು ಆರಿಸಿದವರೂ ಅವರೇ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ದೊರೆತುದು 1995ರ ಆಗಸ್ಟ್ 15ರಂದು. ನಾವು ಮಿಂಚಂಚೆ ಕಳುಹಿಸಿದಾಗ ಅದು ನೇರವಾಗಿ ಎದುರಿನವರ ಮೇಜಿನ ಮೇಲಿರುವ ಯಂತ್ರಕ್ಕೆ ಹೋಗಿ ಬೀಳುವುದಿಲ್ಲ. ಹಗಲಿರುಳೂ ಎಚ್ಚರವಾಗಿರುವ ಸರ್ವರ್ ಎಂಬ ದೂರದ ಕಂಪ್ಯೂಟರಿನಲ್ಲಿ, ಆ ವಿಳಾಸದವರಿಗೆಂದೇ ಇರುವ ಪೆಟ್ಟಿಗೆಯಲ್ಲಿ ತಂಗುತ್ತದೆ. ಜಿಮೇಲ್ ವಿಳಾಸವಾದರೆ ಗೂಗಲ್ ಕಂಪೆನಿಯ ಸರ್ವರು, ಕಚೇರಿಯ ವಿಳಾಸವಾದರೆ ಆ ಕಚೇರಿಯವರು ಗೊತ್ತುಮಾಡಿದ ಸರ್ವರು. ಮಳೆಗಾಲದಲ್ಲಿ ನಮ್ಮಲ್ಲಿ ಎರಡು ದಿನ ಕರೆಂಟು ಇಲ್ಲದಿದ್ದರೂ ಪತ್ರಕ್ಕೆ ಬಾಧಕವಿಲ್ಲ. ಅದು ಅಲ್ಲಿ ಕಾದಿರುತ್ತದೆ.

ಹಾಗಾದರೆ ಅದನ್ನು ನಾವು ನೋಡುವುದು ಹೇಗೆ? ಇದಕ್ಕೆ ಮುಖ್ಯವಾಗಿ ಎರಡು ಸಂಪ್ರದಾಯಗಳಿವೆ. ಒಂದರ ಹೆಸರು ಪಾಪ್, ಇನ್ನೊಂದರ ಹೆಸರು ಐಮ್ಯಾಪ್. 1984ರಲ್ಲಿ ರೂಪುಗೊಂಡ ಪಾಪ್ ಕ್ರಮವು ಮೇಲೆ ಹೇಳಿದ ಗಲ್ಫಿನ ಕಾಗದದಂತೆ. ಪತ್ರವನ್ನು ಸರ್ವರಿನಿಂದ ನಮ್ಮ ಯಂತ್ರಕ್ಕೆ ಇಳಿಸಿಕೊಂಡು, ಸಾಮಾನ್ಯವಾಗಿ ಅಲ್ಲಿಂದ ಅಳಿಸಿಬಿಡುವುದು ಅದರ ಮೂಲ ರೀತಿ. ಐಮ್ಯಾಪ್ ಹಾಗಲ್ಲ. ಪತ್ರವು ದೂರದಲ್ಲೇ ಉಳಿಯುತ್ತದೆ; ನಾವು ಇಲ್ಲಿಂದಲೇ ಅದನ್ನು ನೋಡುತ್ತೇವೆ, ಗುರುತು ಹಾಕುತ್ತೇವೆ, ಒಂದು ಕಪಾಟಿನಿಂದ ಇನ್ನೊಂದಕ್ಕೆ ಸಾಗಿಸುತ್ತೇವೆ. ಮನೆಯ ಕಂಪ್ಯೂಟರ್, ಶಾಲೆಯ ಕಂಪ್ಯೂಟರ್, ಕಿಸೆಯ ಫೋನ್, ಎಲ್ಲಿಂದ ನೋಡಿದರೂ ಕಾಣುವುದು ಅದೇ ಒಂದು ಪೆಟ್ಟಿಗೆ.

ಈ ಐಮ್ಯಾಪನ್ನು 1986ರಲ್ಲಿ ರೂಪಿಸಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಕ್ರಿಸ್ಪಿನ್. ಅದರ ಹೆಸರಿನ ಮೊದಲಕ್ಷರಕ್ಕೆ ಆರಂಭದಲ್ಲಿ ‘ತಾತ್ಕಾಲಿಕ’ ಎಂಬ ಅರ್ಥವಿತ್ತು! ತಾತ್ಕಾಲಿಕವೆಂದು ಕಟ್ಟಿದ ಚಪ್ಪರದಲ್ಲಿ ಲೋಕವು ನಲುವತ್ತು ವರ್ಷ ಸಂಸಾರ ಹೂಡಿದೆ. ಕಾಲಕ್ರಮದಲ್ಲಿ ಹಲವು ತಿದ್ದುಪಡಿಗಳಾಗಿ, 2003ರ ನಿಯಮಾವಳಿ ಬಹುಕಾಲ ನಡೆಯಿತು. 2021ರ ಆಗಸ್ಟಿನಲ್ಲಿ ಹೊಸ ನಿಯಮಾವಳಿ ಬಂದಿದೆ.

ಇಲ್ಲಿ ಒಂದು ಮಾತು. ಪತ್ರವನ್ನು ಕಳುಹಿಸುವುದು ಐಮ್ಯಾಪಿನ ಕೆಲಸವಲ್ಲ. ಅದಕ್ಕೆ ಎಸ್.ಎಂ.ಟಿ.ಪಿ. ಎಂಬ ಬೇರೆ ಕ್ರಮವಿದೆ. ಬಂದುದನ್ನು ನೋಡಿಕೊಳ್ಳುವುದಷ್ಟೇ ಐಮ್ಯಾಪಿನದು.

ಇನ್ನು ‘ಲೈಬ್ರರಿ’ ಎಂಬ ಶಬ್ದ. ಪ್ರೋಗ್ರಾಂ ಬರೆಯುವವರು ಲೈಬ್ರರಿ ಎಂದಾಗ ನಮ್ಮ ಶಾಲೆಯ ಗ್ರಂಥಾಲಯವನ್ನು ನೆನೆಯಬಾರದು. ಯಕ್ಷಗಾನದ ಚೌಕಿಯನ್ನು ನೆನೆಯಿರಿ. ವೇಷಧಾರಿಯು ಆಟದ ದಿನ ಸಂಜೆ ಕುಳಿತು ಕಿರೀಟ ಕೆತ್ತುವುದಿಲ್ಲ. ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲವೂ ಪೆಟ್ಟಿಗೆಯಲ್ಲಿ ಸಿದ್ಧವಾಗಿರುತ್ತವೆ. ಬೇಕಾದುದನ್ನು ತೆಗೆದು ಕಟ್ಟಿಕೊಂಡು ರಂಗಕ್ಕೆ ಹೋಗುತ್ತಾನೆ. ಕುಣಿತ, ಮಾತು ಮಾತ್ರ ಅವನದು. ಹಾಗೆಯೇ ಸರ್ವರಿನೊಂದಿಗೆ ಮಾತಾಡುವ ಸಂಕೀರ್ಣ ಕೆಲಸವನ್ನು ಬಲ್ಲವರೊಬ್ಬರು ಒಮ್ಮೆ ಬರೆದಿಟ್ಟಿರುತ್ತಾರೆ. ಮುಂದಿನವರು ಅದನ್ನು ಹೆಸರು ಹೇಳಿ ಕರೆದರೆ ಸಾಕು.

ಪೈಥಾನ್ ಭಾಷೆಯಲ್ಲಿ ಇಂಥ ಲೈಬ್ರರಿಯ ಹೆಸರು ಐಮ್ಯಾಪ್‌ಲಿಬ್. ಇದನ್ನು 1997ರ ಡಿಸೆಂಬರಿನಲ್ಲಿ ಬರೆದವರು ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯದ ಪಿಯರ್ಸ್ ಲಾಡರ್. ಅದು ಪೈಥಾನಿನ ಜೊತೆಯಲ್ಲೇ ಬರುತ್ತದೆ. ಹಣ ಕೊಟ್ಟು ತರಬೇಕಾಗಿಲ್ಲ. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಕೈಟ್ ಸಂಸ್ಥೆಯವರು ಕೊಟ್ಟ ಸ್ವತಂತ್ರ ತಂತ್ರಾಂಶವಿರುವುದರಿಂದ ನಮ್ಮ ಲ್ಯಾಬಿನಲ್ಲೂ ಪೈಥಾನ್ ಇದ್ದೇ ಇದೆ. (ಪೈಥಾನಿಗೂ ಹೆಬ್ಬಾವಿಗೂ ನಂಟಿಲ್ಲ. ಆ ಭಾಷೆಯನ್ನು ರಚಿಸಿದ ಗೀಡೊ ವಾನ್ ರಾಸಮ್ ಅವರಿಗೆ ಪ್ರಿಯವಾಗಿದ್ದ ಬ್ರಿಟಿಷ್ ಹಾಸ್ಯ ಕಾರ್ಯಕ್ರಮವೊಂದರ ಹೆಸರು ಅದು.)

ಪ್ರೋಗ್ರಾಂ ಸರ್ವರನ್ನು ಸಂಪರ್ಕಿಸುವುದು 993 ಎಂಬ ಸಂಖ್ಯೆಯ ಬಾಗಿಲಿನಲ್ಲಿ. ಆ ಬಾಗಿಲಿನಲ್ಲಿ ಆಡುವ ಮಾತೆಲ್ಲ ಗೂಢಲಿಪಿಯಲ್ಲಿ ಸಾಗುವುದರಿಂದ ದಾರಿಯಲ್ಲಿ ಕದ್ದು ಕೇಳಿದವರಿಗೆ ಅರ್ಥವಾಗದು. ಒಳಗೆ ಹೋದ ಮೇಲೆ ಹೆಸರು, ಗುಪ್ತಪದ ಹೇಳಬೇಕು, ಇದು ‘ಲಾಗಿನ್’. ಬಳಿಕ ಯಾವ ಕಪಾಟು ಬೇಕೆಂದು ಹೇಳಬೇಕು, ಇದು ‘ಸೆಲೆಕ್ಟ್’. ಆಗ ಸರ್ವರು ಅದರಲ್ಲಿ ಎಷ್ಟು ಪತ್ರಗಳಿವೆ ಎಂದು ತಿಳಿಸುತ್ತದೆ. ‘ಸರ್ಚ್’ ಎಂದರೆ ಹುಡುಕು, ‘ಫೆಚ್’ ಎಂದರೆ ತಂದು ತೋರಿಸು.

ಕಚೇರಿಯ ಪತ್ರಗಳಲ್ಲಿ ಉಲ್ಲೇಖ ಸಂಖ್ಯೆ ಇರುವುದನ್ನು ನೀವು ಕಂಡಿರಬಹುದು. ಇಲ್ಲಿಯೂ ಹಾಗೆಯೇ. ಪ್ರತಿಯೊಂದು ಆಜ್ಞೆಗೂ ಒಂದು ಉಲ್ಲೇಖ ಸಂಖ್ಯೆ ಹಚ್ಚಿ ಕಳುಹಿಸಬೇಕು. ಸರ್ವರು ಕೆಲಸ ಮುಗಿಸಿ ಅದೇ ಸಂಖ್ಯೆಯನ್ನು ಬರೆದು ‘ಆಯಿತು’, ‘ಆಗದು’ ಅಥವಾ ‘ಮಾತು ತಿಳಿಯಲಿಲ್ಲ’ ಎಂಬ ಮೂರರಲ್ಲಿ ಒಂದು ಉತ್ತರ ಕೊಡುತ್ತದೆ. ನಡುವೆ ಹೊಸ ಪತ್ರ ಬಂದರೆ ಕೇಳದೆಯೇ ಅದನ್ನೂ ಹೇಳಿಬಿಡುತ್ತದೆ. ಯಾವ ಮಾತು ಯಾವ ಪ್ರಶ್ನೆಗೆ ಉತ್ತರ, ಯಾವುದು ನಡುವೆ ಬಂದ ಸುದ್ದಿ ಎಂದು ವಿಂಗಡಿಸುವುದೇ ಪ್ರಯಾಸದ ಕೆಲಸ. ಅದನ್ನು ಲೈಬ್ರರಿಯೇ ನೋಡಿಕೊಳ್ಳುತ್ತದೆ. ನಾವು ಬರೆಯಬೇಕಾದುದು ಹತ್ತು-ಹನ್ನೆರಡು ಸಾಲು ಮಾತ್ರ.

ಹುಡುಕುವ ಕೆಲಸ ಸರ್ವರಿನಲ್ಲೇ ನಡೆಯುತ್ತದೆ ಎಂಬುದು ಗಮನಿಸತಕ್ಕ ಸಂಗತಿ. ‘ಇನ್ನೂ ಓದದ, ಇಂಥ ಕಚೇರಿಯಿಂದ, ಇಂಥ ದಿನದ ಅನಂತರ ಬಂದ ಪತ್ರಗಳಾವುವು?’ ಎಂದು ಕೇಳಿದರೆ ಬರುವುದು ಕೆಲವು ಸಂಖ್ಯೆಗಳು ಮಾತ್ರ. ಆಮೇಲೆ ಬೇಕಾದ ಪತ್ರದ ತಲೆಬರಹವನ್ನಷ್ಟೇ ತರಿಸಿಕೊಳ್ಳಬಹುದು; ಜೊತೆಗಿರುವ ದೊಡ್ಡ ಚಿತ್ರಗಳನ್ನು ಬಿಟ್ಟುಬಿಡಬಹುದು. ದೇಲಂಪಾಡಿ, ಎಣ್ಮಕಜೆಯಂಥ ಗುಡ್ಡಗಾಡಿನ ಕಡೆ ನೆಟ್‌ವರ್ಕ್ ಸಿಗಲು ಅಂಗಳದ ಮೂಲೆಗೆ ಹೋಗಿ ನಿಲ್ಲುವವರಿಗೆ ಇದರ ಬೆಲೆ ತಿಳಿದೀತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಪೆಟ್ಟಿಗೆ ಒಂದೇ, ನೋಡುವವರು ಹಲವರು ಎಂದೆವಷ್ಟೆ. ಒಂದು ಶಾಲೆಯ ಪೆಟ್ಟಿಗೆಯನ್ನು ಮುಖ್ಯೋಪಾಧ್ಯಾಯರು ನೋಡುತ್ತಾರೆ, ಗುಮಾಸ್ತರು ನೋಡುತ್ತಾರೆ, ಕಂಪ್ಯೂಟರ್ ಹೊಣೆ ಹೊತ್ತ ಅಧ್ಯಾಪಕರೂ ನೋಡುತ್ತಾರೆ. ಓದದ ಪತ್ರ ದಪ್ಪ ಅಕ್ಷರದಲ್ಲಿ, ಓದಿದ್ದು ತೆಳ್ಳಗೆ ಕಾಣುತ್ತದೆ. ಈ ಭೇದವೂ ಸರ್ವರಿನಲ್ಲಿರುವ ಗುರುತೇ. ‘ನೋಡಿದೆ’, ‘ಉತ್ತರಿಸಿದೆ’, ‘ಮುಖ್ಯ’, ‘ಅಳಿಸತಕ್ಕದ್ದು’, ‘ಕರಡು’ ಎಂಬ ಗುರುತುಗಳು ಪ್ರತಿ ಪತ್ರಕ್ಕೂ ಅಂಟುತ್ತವೆ.

ಒಬ್ಬ ಹುಡುಗ ಉತ್ಸಾಹದಿಂದ ಒಂದು ಪ್ರೋಗ್ರಾಂ ಬರೆದನೆನ್ನಿ. ಎಲ್ಲ ಹೊಸ ಪತ್ರಗಳನ್ನು ತರಿಸಿ ಅವುಗಳ ವಿಷಯಗಳ ಪಟ್ಟಿ ಮಾಡುವುದು ಅದರ ಕೆಲಸ. ‘ಫೆಚ್’ ಎಂದು ಸುಮ್ಮನೆ ಇಡೀ ಪತ್ರವನ್ನು ತರಿಸಿದರೆ ಸರ್ವರು ಆ ಪತ್ರಕ್ಕೆ ‘ನೋಡಿದೆ’ ಎಂಬ ಗುರುತು ಹಾಕಿಬಿಡುತ್ತದೆ. ಯಾವ ಮನುಷ್ಯನೂ ಓದಿಲ್ಲ, ಯಂತ್ರ ಮಾತ್ರ ಓದಿದೆ. ಮರುದಿನ ಪೆಟ್ಟಿಗೆ ತೆರೆದ ಮುಖ್ಯೋಪಾಧ್ಯಾಯರಿಗೆ ಹೊಸ ಪತ್ರ ಒಂದೂ ಕಾಣುವುದಿಲ್ಲ. ಎಲ್ಲವೂ ತೆಳ್ಳಗಿನ ಅಕ್ಷರದಲ್ಲಿವೆ. ಅವುಗಳ ನಡುವೆ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನದ ಅರ್ಜಿಯ ಸೂಚನೆ ಇದ್ದರೆ? ಎಂಟನೆಯ ತರಗತಿಯಲ್ಲಿ ಆ ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಬೀಡಿ ಕಟ್ಟುವ, ಅಡಿಕೆ ಸುಲಿಯುವ ಮನೆಗೆ ಅದು ಸಣ್ಣ ಮೊತ್ತವಲ್ಲ. ಕೊನೆಯ ದಿನಾಂಕ ದಾಟಿದ ಮೇಲೆ ಪತ್ರ ಸಿಕ್ಕಿ ಫಲವೇನು?

ಇದನ್ನು ತಪ್ಪಿಸಲು ನಿಯಮಾವಳಿಯಲ್ಲೇ ದಾರಿಯಿದೆ. ತರಿಸುವ ಆಜ್ಞೆಯಲ್ಲಿ ‘ಪೀಕ್’ ಎಂಬ ಶಬ್ದವನ್ನು ಸೇರಿಸಿದರೆ ಸರ್ವರು ಪತ್ರವನ್ನು ತೋರಿಸುತ್ತದೆ, ಗುರುತು ಹಾಕುವುದಿಲ್ಲ. ಪೀಕ್ ಎಂದರೆ ಇಣುಕು. ಇನ್ನೂ ಭದ್ರವಾದ ಕ್ರಮವೆಂದರೆ ಕಪಾಟನ್ನು ತೆರೆಯುವಾಗಲೇ ‘ಓದಲು ಮಾತ್ರ’ ಎಂದು ಹೇಳಿ ತೆರೆಯುವುದು. ಆಗ ನಮ್ಮ ಪ್ರೋಗ್ರಾಮಿನಲ್ಲಿ ಏನೇ ದೋಷವಿದ್ದರೂ ಪೆಟ್ಟಿಗೆಯಲ್ಲಿ ಒಂದು ಗೀಟೂ ಬದಲಾಗದು. ಕಲಿಯುವವರು ಹೀಗೆಯೇ ತೆರೆಯಬೇಕೆಂದು ನಮ್ಮ ಖಚಿತ ಅಭಿಪ್ರಾಯ.

ಎರಡನೆಯ ಅಪಾಯ ಸಂಖ್ಯೆಗಳದ್ದು. ತರಗತಿಯಲ್ಲಿ ನಿಮಗೆ ಎರಡು ಸಂಖ್ಯೆಗಳಿವೆ: ಹಾಜರಿ ಪುಸ್ತಕದ ಕ್ರಮಸಂಖ್ಯೆ ಒಂದು, ಶಾಲೆಗೆ ಸೇರಿದಾಗ ಕೊಟ್ಟ ಅಡ್ಮಿಷನ್ ನಂಬ್ರ ಇನ್ನೊಂದು. 12ನೆಯ ಕ್ರಮಸಂಖ್ಯೆಯವನು ಟಿ.ಸಿ. ತೆಗೆದುಕೊಂಡು ಹೋದನೆಂದಿರಲಿ. ಹೊಸದಾಗಿ ಹಾಜರಿ ಬರೆದಾಗ 13 ಇದ್ದವನು 12 ಆಗುತ್ತಾನೆ. ಅಡ್ಮಿಷನ್ ನಂಬ್ರ ಮಾತ್ರ ಬದಲಾಗುವುದಿಲ್ಲ. ಪತ್ರಗಳಿಗೂ ಹೀಗೆಯೇ ಎರಡು ಸಂಖ್ಯೆಗಳು. ಕ್ರಮಸಂಖ್ಯೆಯನ್ನು ನಂಬಿ ‘12, 13ನ್ನು ಅಳಿಸು’ ಎಂದು ಒಂದೊಂದಾಗಿ ಅಳಿಸುತ್ತ ಹೋದರೆ, 12 ಹೋದ ಕ್ಷಣದಲ್ಲೇ 13 ಇದ್ದದ್ದು 12 ಆಗಿ, ಮುಂದಿನ ಏಟು 14ರ ಮೇಲೆ ಬೀಳುತ್ತದೆ! ತಪ್ಪಿಲ್ಲದ ಪತ್ರ ಮಾಯವಾಗುತ್ತದೆ. ಆದುದರಿಂದ ಬಲ್ಲವರು ಯು.ಐ.ಡಿ. ಎಂಬ ಸ್ಥಿರ ಸಂಖ್ಯೆಯನ್ನೇ ಬಳಸುತ್ತಾರೆ. ಸರ್ವರಿನಲ್ಲಿ ಕಪಾಟನ್ನೇ ಹೊಸದಾಗಿ ಕಟ್ಟಿದರೆ ಸ್ಥಿರ ಸಂಖ್ಯೆಗಳೂ ಹೊಸದಾಗಬಹುದು. ಅದನ್ನು ಸೂಚಿಸಲು ಇನ್ನೊಂದು ಗುರುತಿದೆ. ಹೊಸ ಅಡ್ಮಿಷನ್ ರಿಜಿಸ್ಟರು ತೆರೆದಂತೆ ಎಂದುಕೊಳ್ಳಿ.

ಅಳಿಸುವುದಕ್ಕೂ ಎರಡು ಮೆಟ್ಟಿಲುಗಳಿವೆ. ಮೊದಲು ‘ಅಳಿಸತಕ್ಕದ್ದು’ ಎಂಬ ಗುರುತು ಹಾಕುವುದು. ಇದು ಪೆನ್ಸಿಲಿನ ಗೀಟು, ಮನಸ್ಸು ಬದಲಿಸಿದರೆ ತೆಗೆಯಬಹುದು. ಆಮೇಲೆ ‘ಎಕ್ಸ್‌ಪಂಜ್’ ಎಂಬ ಆಜ್ಞೆ. ಅದು ಬಂದೊಡನೆ ಗೀಟು ಬಿದ್ದುದೆಲ್ಲ ಹೊರಟುಹೋಗುತ್ತದೆ. ನಾವು ಹಾಕಿದ ಗೀಟು ಮಾತ್ರವಲ್ಲ, ಬೇರೆಯವರು ಹಾಕಿಟ್ಟ ಗೀಟುಗಳೂ ಅದರಲ್ಲಿ ಸೇರುತ್ತವೆ. ಕೆಲವು ಕಂಪೆನಿಗಳ ಸರ್ವರಿನಲ್ಲಿ ಇದರ ನಡೆ ಸ್ವಲ್ಪ ಬೇರೆ. ಆದರೆ ಅದನ್ನು ನಂಬಿ ಕೈಹಾಕುವುದು ಜಾಣತನವಲ್ಲ.

ಇಷ್ಟಾಯಿತು, ಪತ್ರ ಕನ್ನಡದಲ್ಲಿದ್ದರೆ? ಇದು ನಮ್ಮ ಪಾಲಿಗೆ ಅತ್ಯಂತ ಸ್ವಾರಸ್ಯದ ಭಾಗ. ಮಿಂಚಂಚೆ ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳಿಗಾಗಿ. ಬೇರೆ ಲಿಪಿಗಳೂ ಚಿತ್ರಗಳೂ ಅದರಲ್ಲಿ ಸಾಗುವಂತೆ ಮಾಡಿದ ಏರ್ಪಾಡು ಬಂದುದು 1992ರಲ್ಲಿ. ಅದರಂತೆ ಕನ್ನಡದ ವಿಷಯಸಾಲು ಇಂಗ್ಲಿಷ್ ಅಕ್ಷರ ಮತ್ತು ಅಂಕೆಗಳ ವೇಷ ತೊಟ್ಟು ಪ್ರಯಾಣ ಮಾಡುತ್ತದೆ. ಯುನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಲೋಕದ ಲಿಪಿಗಳಿಗೆ ನಿವೇಶನಗಳನ್ನು ಹಂಚಲಾಗಿದೆ. ಕನ್ನಡಕ್ಕೆ 3200ರಿಂದ 3327ರವರೆಗೆ. ಅದಕ್ಕೆ ತಾಗಿಕೊಂಡು 3328ರಿಂದ 3455ರವರೆಗೆ ಮಲಯಾಳಕ್ಕೆ. ತಲಪಾಡಿಯ ಗಡಿ ಅಲ್ಲಿಯೂ ಇದೆ, ನಡುವೆ ಒಂದು ಗೇಣೂ ಖಾಲಿ ಜಾಗವಿಲ್ಲ! (ತುಳುಲಿಪಿಗೂ 2024ರ ಸೆಪ್ಟೆಂಬರಿನಲ್ಲಿ ಬೇರೆಡೆ ನಿವೇಶನ ದೊರೆತಿದೆ.)

ಈ ಪಟ್ಟಿಯ ಒಂದೊಂದು ಕನ್ನಡ ಚಿಹ್ನೆಯೂ ಸಾಗಣೆಯಲ್ಲಿ ಮೂರು ಬೈಟುಗಳಾಗುತ್ತದೆ. ವೇಷ ತೊಟ್ಟಾಗ ಆ ಮೂರು ನಾಲ್ಕು ಅಕ್ಷರಗಳಾಗುತ್ತವೆ. ‘ಕನ್ನಡ’ ಎಂಬ ಶಬ್ದದಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಚಿಹ್ನೆಗಳು. ಬೈಟುಗಳು 15, ವೇಷದ ಅಕ್ಷರಗಳು 20. ಒತ್ತಕ್ಷರವನ್ನು ಕಂಪ್ಯೂಟರು ವ್ಯಂಜನ, ವಿರಾಮ, ವ್ಯಂಜನ ಎಂದು ಬಿಡಿಸಿಯೇ ಇಟ್ಟುಕೊಳ್ಳುತ್ತದೆ. ಕೇಶಿರಾಜನ ವ್ಯಾಕರಣವನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ವೇಷದಲ್ಲಿ ‘ಕ’ ಎಂಬುದು 4, ಎಲ್, ಕೆ, ವಿ ಎಂದಾಗುತ್ತದೆ. ವರ್ಣಮಾಲೆಯ ಯಾವ ಅಕ್ಷರದಿಂದ ಶುರುವಾದ ಕನ್ನಡ ವಿಷಯಸಾಲೇ ಆಗಲಿ, ವೇಷದ ಮೊದಲ ಮೂರು ಅಕ್ಷರಗಳು 4, ಎಲ್, ಕೆ ಎಂದೇ ಇರುತ್ತವೆ. ಮಲಯಾಳದ್ದಾದರೆ 4, ಎಲ್, ಎಸ್. ಮೂರನೆಯ ಅಕ್ಷರವನ್ನು ನೋಡಿಯೇ ಪತ್ರ ಕನ್ನಡದ್ದೋ ಮಲಯಾಳದ್ದೋ ಹೇಳಬಹುದು! ನಮ್ಮ ಜಿಲ್ಲೆಯ ಶಾಲೆಯ ಪೆಟ್ಟಿಗೆಯಲ್ಲಿ ಎರಡೂ ಭಾಷೆಯ ಪತ್ರಗಳು ಇರುವುದರಿಂದ ಅವುಗಳನ್ನು ಬೇರೆ ಬೇರೆ ಕಪಾಟಿಗೆ ವಿಂಗಡಿಸುವ ಪ್ರೋಗ್ರಾಂ ಇಲ್ಲಿನ ಮಕ್ಕಳಿಗೆ ಒಳ್ಳೆಯ ಅಭ್ಯಾಸವಾದೀತು. ಐಮ್ಯಾಪ್‌ಲಿಬ್ ಪತ್ರವನ್ನು ವೇಷದಲ್ಲೇ ತಂದುಕೊಡುತ್ತದೆ. ವೇಷ ಕಳಚುವುದು ಪೈಥಾನಿನಲ್ಲೇ ಇರುವ ‘ಇ-ಮೇಲ್’ ಎಂಬ ಇನ್ನೊಂದು ಲೈಬ್ರರಿಯ ಕೆಲಸ. ಕಪಾಟಿನ ಹೆಸರು ಕನ್ನಡದಲ್ಲಿದ್ದರೆ ಅದಕ್ಕೆ ಮತ್ತೊಂದು ಬಗೆಯ ವೇಷ. ಅದನ್ನು ಐಮ್ಯಾಪ್‌ಲಿಬ್ ತಾನಾಗಿ ನಿಭಾಯಿಸುವುದಿಲ್ಲ, ಐಮ್ಯಾಪ್‌ಕ್ಲಯಂಟ್ ಎಂಬ ಲೈಬ್ರರಿ ನಿಭಾಯಿಸುತ್ತದೆ.

ಯುನಿಕೋಡ್ ರೂಢಿಗೆ ಬರುವ ಮೊದಲು ಕನ್ನಡವನ್ನು ಬೆರಳಚ್ಚಿಸಿದ್ದು ಬೇರೆ ರೀತಿಯಲ್ಲಿ. ಕೀಲಿಮಣೆಗೆ ಕನ್ನಡವನ್ನು ಒಗ್ಗಿಸಿದ ಕೆ. ಪಿ. ರಾಯರು ನಮ್ಮ ನೆರೆಯ ದಕ್ಷಿಣ ಕನ್ನಡದ ಕಿನ್ನಿಕಂಬಳದವರು ಎಂಬುದು ಸಂತೋಷದ ಸಂಗತಿ. 1998ರಲ್ಲಿ ಬಂದ ಬರಹ, ಅನಂತರ ಬಂದ ನುಡಿ ತಂತ್ರಾಂಶಗಳಿಂದ ಕನ್ನಡಿಗರಿಗೆ ಮಹದುಪಕಾರವಾಯಿತು. ಆದರೆ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಮೊದಲಾದ ಅಕ್ಷರಗಳ ಜಾಗದಲ್ಲಿ ಕುಳಿತಿದ್ದವು. ಅಂಥ ಪತ್ರವನ್ನು ಅದೇ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದನ್ನು ಕನ್ನಡವೆಂದು ಯಾವ ಐಮ್ಯಾಪ್ ಲೈಬ್ರರಿಯೂ ಗುರುತಿಸಲಾರದು. ಇಂದಿಗೂ ಹಳೆಯ ಕಡತಗಳಿಂದ ನಕಲು ಮಾಡಿ ಕಳುಹಿಸುವವರು ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು.

ಲೈಬ್ರರಿಗಳಿಗೂ ಆಯುಸ್ಸಿದೆ. ಮಾರ್ಕ್ ಕ್ರಿಸ್ಪಿನ್ ಅವರೇ ಬರೆದ ಸಿ-ಕ್ಲಯಂಟ್ ಎಂಬ ಲೈಬ್ರರಿಯ ಮೇಲೆ ಪಿ.ಎಚ್.ಪಿ. ಭಾಷೆಯ ಐಮ್ಯಾಪ್ ಭಾಗ ನಿಂತಿತ್ತು. ಅವರು 2012ರಲ್ಲಿ ತೀರಿಕೊಂಡರು. ಆ ಲೈಬ್ರರಿಗೆ ಆರೈಕೆ ಮಾಡುವವರಿಲ್ಲದೆ, 2024ರಲ್ಲಿ ಪಿ.ಎಚ್.ಪಿ.ಯವರು ಆ ಭಾಗವನ್ನು ಮುಖ್ಯ ಕಟ್ಟಿನಿಂದ ಹೊರಗಿಟ್ಟರು. ನೋಡಿಕೊಳ್ಳುವವರಿಲ್ಲದ ಮನೆಯ ಮಾಡು ಸೋರದಿರುತ್ತದೆಯೇ? ಐಮ್ಯಾಪ್‌ಲಿಬ್‌ಗೆ ಆ ಸ್ಥಿತಿ ಬಂದಿಲ್ಲ. ಹೊಸ ಪತ್ರ ಬಂದಾಗ ಸರ್ವರೇ ಎಚ್ಚರಿಸುವ ‘ಐಡಲ್’ ಎಂಬ ಸೌಕರ್ಯ 1997ರಿಂದ ನಿಯಮದಲ್ಲಿದ್ದರೂ ಇದರಲ್ಲಿ ಇರಲಿಲ್ಲ. 2025ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.14ರಲ್ಲಿ ಸೇರಿದೆ.

ಇನ್ನು ಉಳಿದುದು ಬೀಗದ ಕೈಯ ಮಾತು. ಹಿಂದೆ ಪ್ರೋಗ್ರಾಮಿಗೆ ಜಿಮೇಲಿನ ಗುಪ್ತಪದವನ್ನೇ ಬರೆದುಕೊಟ್ಟರೆ ಸಾಕಾಗುತ್ತಿತ್ತು. ಸಾಮಾನ್ಯ ಖಾತೆಗಳಿಗೆ ಗೂಗಲ್ ಅದನ್ನು 2022ರ ಮೇ ತಿಂಗಳ ಕೊನೆಗೆ ನಿಲ್ಲಿಸಿತು. ಈಗ ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, ಆ ಪ್ರೋಗ್ರಾಮಿಗೆಂದೇ 16 ಅಕ್ಷರಗಳ ಬೇರೆ ಗುಪ್ತಪದ ಪಡೆಯಬೇಕು. ಇಲ್ಲವೇ ಪರೀಕ್ಷೆಯ ಹಾಲ್ ಟಿಕೇಟಿನಂತೆ ಸ್ವಲ್ಪ ಕಾಲ ಮಾತ್ರ ನಡೆಯುವ ಒಂದು ರಹದಾರಿ ಪಡೆಯಬೇಕು. ಆ 16 ಅಕ್ಷರಗಳು ಇಡೀ ಪೆಟ್ಟಿಗೆಯನ್ನು ತೆರೆಯುತ್ತವೆ ಎಂಬುದನ್ನು ಪೋಷಕರೂ ಗಮನಿಸಬೇಕು. ಅದನ್ನು ಪ್ರೋಗ್ರಾಮಿನೊಳಗೆ ಬರೆದಿಟ್ಟು ಗೆಳೆಯರಿಗೆ ಪ್ರತಿ ಕೊಟ್ಟರೆ ಮನೆಯ ಬೀಗದ ಕೈಯನ್ನೂ ಕೊಟ್ಟಂತಾಯಿತು. ಪ್ರೋಗ್ರಾಂ ಓಡಿಸಿದಾಗಲೆಲ್ಲ ಗುಪ್ತಪದ ಕೇಳುವಂತೆ ಬರೆಯುವುದು ಕಷ್ಟವೇನಲ್ಲ. ಶಾಲೆಯ ಪೆಟ್ಟಿಗೆಯಲ್ಲಿ ಮಕ್ಕಳ ಆಧಾರ್, ಮನೆಯವರ ವರಮಾನದ ದಾಖಲೆಗಳಿರುತ್ತವೆ. ವಿದ್ಯಾರ್ಥಿಗಳ ಪ್ರಯೋಗಕ್ಕೆ ಅದು ತಕ್ಕ ಜಾಗವಲ್ಲ.

ಅಭ್ಯಾಸಕ್ಕೆಂದೇ, ಮನೆಯವರ ಒಪ್ಪಿಗೆಯಿಂದ, ಬೇರೊಂದು ಖಾತೆ ತೆರೆಯಿರಿ. ಅದಕ್ಕೆ ಕನ್ನಡದಲ್ಲಿ ಐದು, ಮಲಯಾಳದಲ್ಲಿ ಐದು ಪತ್ರಗಳನ್ನು ನೀವೇ ಕಳುಹಿಸಿ, ಒಂದನ್ನೂ ತೆರೆಯದೆ ಬಿಡಿ. ಬಳಿಕ ‘ಓದಲು ಮಾತ್ರ’ ಎಂದು ಪೆಟ್ಟಿಗೆಯನ್ನು ತೆರೆದು, ಹತ್ತು ಪತ್ರಗಳ ವಿಷಯಸಾಲುಗಳನ್ನೂ ಪಟ್ಟಿ ಮಾಡಿರಿ. ಆಮೇಲೆ ಫೋನಿನಲ್ಲಿ ನೋಡಿದಾಗ ಹತ್ತೂ ಪತ್ರಗಳು ಇನ್ನೂ ದಪ್ಪ ಅಕ್ಷರದಲ್ಲೇ ಇದ್ದರೆ ನಿಮ್ಮ ಪ್ರೋಗ್ರಾಂ ಸರಿಯಾಗಿದೆ.